ಮಲ್ಲಿಗೆಯ ಪರಿಮಳಕ್ಕೆ ಬೇಲಿ ಬೇಡ

(ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮೋತ್ಸವದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಒಂಬತ್ತು ದಿನಗಳಿಂದ ನಮ್ಮ ಮಕ್ಕಳು ಪುಟ್ಟ ಬುಟ್ಟಿಗಳಲ್ಲಿ ಹೂವು ತಂದು ಬಾಲೆ ಮರಿಯಮ್ಮನವರ ಪಾದದ ಬಳಿ ಸುರಿದಿದ್ದಾರೆ. ದಾಸವಾಳ, ಸೇವಂತಿಗೆ, ಕನಕಾಂಬರ, ಗುಲಾಬಿ ಎಲ್ಲವೂ ಅಲ್ಲಿವೆ. ಆದರೆ ದೇವಾಲಯದ ಬಾಗಿಲಿಗೆ ಬಂದವರಿಗೆ, ಒಳಗಿನ ದೀಪ ಕಾಣುವ ಮೊದಲೇ, "ಇವತ್ತು ಹಬ್ಬ" ಎಂದು ಹೇಳುವುದು ಮಲ್ಲಿಗೆ ಮಾತ್ರ. ಅದನ್ನು ನೋಡಬೇಕಾಗಿಲ್ಲ, ಉಸಿರಾಡಿದರೆ ಸಾಕು. ಆದ್ದರಿಂದ ಈ ಹಬ್ಬದ ದಿನ ಮಲ್ಲಿಗೆಯ ಬಗ್ಗೆ, ಅದರಿಂದ ತಯಾರಾಗುವ ಪರಿಮಳ ದ್ರವ್ಯದ ಬಗ್ಗೆ, ಆ ಪರಿಮಳ ನಮಗೆ ಕಲಿಸುವ ಪಾಠದ ಬಗ್ಗೆ ಸ್ವಲ್ಪ ಹೊತ್ತು ಧ್ಯಾನಿಸೋಣ.

ದೇವಾಲಯದಲ್ಲಿ ಸೆಂಟಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ಬರೆಯುವಾಗ, ನಾವು ದೇವರ ಮುಂದೆ ಕ್ರಿಸ್ತರ ಪರಿಮಳವಾಗಿದ್ದೇವೆ ಎಂಬ ಅರ್ಥದ ಮಾತನ್ನು ಹೇಳಿದ್ದಾರೆ. ಪರಿಮಳ ಎಂದರೇನು ಎಂದು ಅರಿತರೆ, ಕ್ರೈಸ್ತರಾಗಿ ಬಾಳುವುದು ಎಂದರೇನು ಎಂಬುದೂ ಸ್ವಲ್ಪ ಅರ್ಥವಾಗುತ್ತದೆ.

ನಮ್ಮ ಕರ್ನಾಟಕ ಮಲ್ಲಿಗೆಯ ನಾಡು. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ, ಈ ಮೂರಕ್ಕೂ ಆಯಾ ಊರಿನ ಹೆಸರಿನಲ್ಲೇ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಉಡುಪಿಯ ಬಳಿಯ ಶಂಕರಪುರದ ಸುತ್ತಮುತ್ತ ಮಲ್ಲಿಗೆ ಬೆಳೆದು ಬದುಕು ಕಟ್ಟಿಕೊಂಡವರಲ್ಲಿ ನಮ್ಮ ಕಥೋಲಿಕ ಕುಟುಂಬಗಳೂ ಬಹಳ. ಅಲ್ಲಿ ಬೆಳಿಗ್ಗೆ ಬೇಗ ಮೊಗ್ಗು ಬಿಡಿಸಿ, ಬಾಳೆಯ ನಾರಿನಲ್ಲಿ ಒತ್ತಾಗಿ ಕಟ್ಟುತ್ತಾರೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬುದು ಅಲ್ಲಿಯ ಲೆಕ್ಕ. ಎಷ್ಟೋ ಮಕ್ಕಳ ಶಾಲೆಯ ಫೀಸು, ಎಷ್ಟೋ ಮನೆಗಳ ಹೆಂಚು, ಎಷ್ಟೋ ಹೆಣ್ಣುಮಕ್ಕಳ ಮದುವೆ ಆ ಅಟ್ಟೆಗಳಿಂದಲೇ ಆಗಿವೆ.

ಈ ಹೂವಿಗೆ ನಮ್ಮ ಜನ ಕೊಟ್ಟಿರುವ ಅರ್ಥಗಳೂ ಅನೇಕ. ಮದುಮಗಳ ಜಡೆಗೆ ಮಲ್ಲಿಗೆ ಬೇಕು. ಬಸುರಿಗೆ ಮುಡಿಸಲು ಮಲ್ಲಿಗೆ ಬೇಕು. ದಾಂಪತ್ಯದ ಒಲವನ್ನು ಹಾಡಿದ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ಬಂದ ತಮ್ಮ ಕವನ ಸಂಕಲನಕ್ಕೆ ಇಟ್ಟ ಹೆಸರು 'ಮೈಸೂರ ಮಲ್ಲಿಗೆ'. ನಮ್ಮ ದೇಶದ ಆಚೆಗೂ ಹೀಗೆಯೇ. ಕಥೋಲಿಕರೇ ಬಹುಸಂಖ್ಯಾತರಾಗಿರುವ ಫಿಲಿಪ್ಪೀನ್ಸ್ ದೇಶದಲ್ಲಿ ಇದೇ ಮಲ್ಲಿಗೆಗೆ ಸಂಪಗಿಟ ಎಂದು ಹೆಸರು. 1934ರಿಂದ ಅದು ಆ ದೇಶದ ರಾಷ್ಟ್ರೀಯ ಪುಷ್ಪ. ಅಲ್ಲಿನ ಜನ ಸಂಪಗಿಟದ ಮಾಲೆಯನ್ನು ಮಾತೆ ಮರಿಯಮ್ಮನವರ ಮತ್ತು ಸಂತರ ಸ್ವರೂಪಗಳಿಗೆ ಹಾಕುತ್ತಾರೆ. ಇಂಡೋನೇಷ್ಯಾದಲ್ಲಿ ಮದುಮಗಳನ್ನು ಸಿಂಗರಿಸುವುದೂ ಮಲ್ಲಿಗೆಯೇ, ಸತ್ತವರನ್ನು ಕಳಿಸಿಕೊಡುವಾಗ ಬಳಸುವ ಹೂವುಗಳಲ್ಲೂ ಮಲ್ಲಿಗೆ ಇದೆ. ಹುಟ್ಟು, ಮದುವೆ, ಸಾವು ಈ ಮೂರು ಬಾಗಿಲುಗಳಲ್ಲೂ ನಿಲ್ಲುವ ಹೂವು ಇದು.

ಇಂಥ ಹೂವಿನ ಪರಿಮಳವನ್ನು ಹಿಡಿದಿಡಬೇಕು ಎಂಬ ಆಸೆ ಮನುಷ್ಯನಿಗೆ ಬಹಳ ಹಿಂದಿನಿಂದಲೂ ಇದೆ. ಅದನ್ನು ಹಿಡಿಯುವ ರೀತಿಯಲ್ಲೇ ನಮಗೆ ಮೂರು ಪಾಠಗಳಿವೆ.

1. ಪರಿಮಳಕ್ಕೆ ಬೆಲೆ ತೆರಬೇಕು

ಫ್ರಾನ್ಸ್ ದೇಶದ ದಕ್ಷಿಣದಲ್ಲಿ ಗ್ರಾಸ್ ಎಂಬ ಊರಿದೆ. ಅದು ಸುಗಂಧ ದ್ರವ್ಯಗಳಿಗೆ ಹೆಸರಾದ ಊರು. ಅಲ್ಲಿನ ಹೂವಿನ ಕೃಷಿ ಮತ್ತು ಸುಗಂಧ ತಯಾರಿಕೆಯ ಜ್ಞಾನವನ್ನು ಯುನೆಸ್ಕೊ ಸಂಸ್ಥೆ 2018ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 1921ರಲ್ಲಿ ಎರ್ನೆಸ್ಟ್ ಬೋ ಎಂಬವರು ತಯಾರಿಸಿದ, ಜಗತ್ತಿಗೆಲ್ಲ ಪರಿಚಿತವಾದ 'ಶನೆಲ್ ನಂಬರ್ 5' ಎಂಬ ಸುಗಂಧದಲ್ಲಿ ಈ ಗ್ರಾಸ್ ಊರಿನ ಮಲ್ಲಿಗೆ ಇದೆ. 1930ರಲ್ಲಿ 'ಜಾಯ್' ಎಂಬ ಮತ್ತೊಂದು ಸುಗಂಧ ಬಂತು. ಜಾಯ್ ಎಂದರೆ ಆನಂದ. ಅದರ ಒಂದು ಪುಟ್ಟ ಸೀಸೆಗೆ 10,600 ಮಲ್ಲಿಗೆ ಹೂವುಗಳೂ 28 ಡಜನ್ ಗುಲಾಬಿಗಳೂ ಬೇಕು ಎಂದು ತಯಾರಿಸಿದವರೇ ಪ್ರಚಾರ ಮಾಡಿದ್ದರು. ನಮ್ಮ ಶಂಕರಪುರದ ಲೆಕ್ಕದಲ್ಲಿ ಹೇಳುವುದಾದರೆ, ಅಂಗೈಯಲ್ಲಿ ಮುಚ್ಚಿಡಬಹುದಾದ ಸೀಸೆಯೊಂದರಲ್ಲಿ ಮೂರು ಅಟ್ಟೆಗೂ ಹೆಚ್ಚು ಮಲ್ಲಿಗೆ! ಇಂದು ತಮಿಳುನಾಡಿನ ಮಧುರೈ, ಕೊಯಮತ್ತೂರು ಕಡೆಯ ಮಲ್ಲಿಗೆಯ ಸಾರವೂ ಹೊರದೇಶಗಳ ಸುಗಂಧ ತಯಾರಕರ ಕೈ ಸೇರುತ್ತಿದೆ. ಒಂದು ಕಿಲೋ ಅಪ್ಪಟ ಸಾರ ಸಿಗಬೇಕಾದರೆ ನೂರಾರು ಕಿಲೋ ಹೂವು ಬೇಕು. ಆ ಹೂವನ್ನು ಯಂತ್ರ ಬಿಡಿಸುವುದಿಲ್ಲ. ಒಂದೊಂದನ್ನೂ ಬೆರಳುಗಳೇ ಬಿಡಿಸಬೇಕು.

ಬೆಥಾನಿಯದ ಮನೆ ನಿಮಗೆ ನೆನಪಿರಬೇಕು. ಸಂತ ಯೊವಾನ್ನರು ತಮ್ಮ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಅದನ್ನು ವಿವರಿಸಿದ್ದಾರೆ. ಲಾಜರನ ಸಹೋದರಿ ಮರಿಯ ಅಚ್ಚ ಜಟಮಾಂಸಿಯ ತೈಲವನ್ನು ತಂದು ಯೇಸುಸ್ವಾಮಿಯ ಪಾದಗಳಿಗೆ ಹಚ್ಚಿ, ತನ್ನ ತಲೆಗೂದಲಿನಿಂದ ಒರೆಸಿದಳು. ಆ ಜಟಮಾಂಸಿ ಯಾವುದೋ ದೂರದ ವಸ್ತುವಲ್ಲ. ಅದು ನಮ್ಮ ಹಿಮಾಲಯದ ಎತ್ತರದಲ್ಲಿ ಬೆಳೆಯುವ ಸಣ್ಣ ಗಿಡ. ಅದರ ಬೇರಿನ ಭಾಗದಿಂದ ತೈಲ ತೆಗೆಯುತ್ತಾರೆ. ಅಷ್ಟು ದೂರದಿಂದ ಬರಬೇಕಾಗಿದ್ದ ವಸ್ತುವಾದ್ದರಿಂದಲೇ ಅದಕ್ಕೆ 300 ದಿನಾರಿ ಬೆಲೆ. ಒಂದು ದಿನಾರಿ ಎಂದರೆ ಕೂಲಿಯವನ ಒಂದು ದಿನದ ಸಂಬಳ. ಅಂದರೆ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ ಆ ಹೊತ್ತು ನೆಲಕ್ಕೆ ಹರಿಯಿತು. ಯೂದ ಇಸ್ಕರಿಯೋತ ಅದನ್ನು ದಂಡ ಎಂದ. ಯೇಸು ಅದನ್ನು ಪ್ರೀತಿ ಎಂದರು. ಆ ಮನೆಯೆಲ್ಲ ಪರಿಮಳದಿಂದ ತುಂಬಿತು ಎನ್ನುತ್ತಾರೆ ಸಂತ ಯೊವಾನ್ನರು.

ಪ್ರಿಯರೇ, ನಿಮ್ಮ ಮನೆ ಪರಿಮಳದಿಂದ ತುಂಬಿದ್ದರೆ, ಅಲ್ಲಿ ಯಾರೋ ಒಬ್ಬರು ತಮ್ಮನ್ನು ಸುರಿದುಕೊಂಡಿದ್ದಾರೆ ಎಂದೇ ಅರ್ಥ. ಬಹುಮಟ್ಟಿಗೆ ಆ ಒಬ್ಬರು ತಾಯಿ. ನಾಲ್ಕು ಗಂಟೆಗೆ ಎದ್ದು ಹೂ ಬಿಡಿಸಿದವರು, ಮಕ್ಕಳು ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಂಡವರು. ಅವರ ಹತ್ತು ಸಾವಿರ ಹೂವುಗಳನ್ನು ನಾವು ಎಣಿಸುವುದಿಲ್ಲ. ಸೀಸೆಯನ್ನು ಮಾತ್ರ ನೋಡುತ್ತೇವೆ.

2. ಕಿತ್ತ ಮೇಲೂ ಮಲ್ಲಿಗೆ ಪರಿಮಳ ಬಿಡುತ್ತದೆ

ಹೂವುಗಳಲ್ಲೆಲ್ಲ ಮಲ್ಲಿಗೆಗೆ ಒಂದು ವಿಶೇಷ ಗುಣವಿದೆ. ಎಷ್ಟೋ ಹೂವುಗಳು ಗಿಡದಿಂದ ಕಿತ್ತ ಕೂಡಲೇ ಪರಿಮಳ ಕಟ್ಟುವುದನ್ನು ನಿಲ್ಲಿಸುತ್ತವೆ. ಇದ್ದಷ್ಟು ಇರುತ್ತದೆ, ಕ್ರಮೇಣ ಆರಿಹೋಗುತ್ತದೆ. ಮಲ್ಲಿಗೆ ಹಾಗಲ್ಲ. ಬೆಳಿಗ್ಗೆ ಮೊಗ್ಗಾಗಿ ಕಿತ್ತದ್ದು ಸಂಜೆಗೆ ಜಡೆಯಲ್ಲಿ ಅರಳುತ್ತದೆ. ಬಳ್ಳಿಯಿಂದ ಬೇರ್ಪಟ್ಟು ಎಷ್ಟೋ ಗಂಟೆಗಳಾದರೂ ತನ್ನೊಳಗೇ ಹೊಸ ಪರಿಮಳವನ್ನು ಉಂಟುಮಾಡುತ್ತಲೇ ಇರುತ್ತದೆ. ಇದನ್ನು ಅರಿತೇ ಗ್ರಾಸ್ ಊರಿನವರು ಹಿಂದೆ ಗಾಜಿನ ಹಲಗೆಗೆ ಕೊಬ್ಬು ಸವರಿ, ಅದರ ಮೇಲೆ ಮಲ್ಲಿಗೆಯನ್ನು ಒಂದೊಂದಾಗಿ ಹರಡಿ ರಾತ್ರಿಯಿಡೀ ಬಿಡುತ್ತಿದ್ದರು. ಮರುದಿನ ಹಳೆಯ ಹೂ ತೆಗೆದು ಹೊಸ ಹೂ ಇಡುತ್ತಿದ್ದರು. ವಾರಗಟ್ಟಲೆ ಹೀಗೆ ಮಾಡಿದ ಮೇಲೆ ಆ ಕೊಬ್ಬು ಮಲ್ಲಿಗೆಯೇ ಆಗಿಬಿಡುತ್ತಿತ್ತು.

ಮತ್ತೊಂದು ಮಾತು. ಮಲ್ಲಿಗೆಯ ಪರಿಮಳವನ್ನು ಬಿಡಿಸಿ ನೋಡಿದ ರಸಾಯನಶಾಸ್ತ್ರಜ್ಞರಿಗೆ ಅದರಲ್ಲಿ ಇಂಡೋಲ್ ಎಂಬ ವಸ್ತು ಸಿಕ್ಕಿತು. ಅದನ್ನು ಗಟ್ಟಿಯಾಗಿ ಮೂಸಿದರೆ ಮೂಗು ಮುಚ್ಚಿಕೊಳ್ಳಬೇಕು. ಕೊಳೆತ ವಸ್ತುಗಳಲ್ಲಿ, ಮಲದಲ್ಲಿ ಇರುವಂಥದ್ದು ಅದು. ಆದರೆ ಅದನ್ನು ಪೂರ್ತಿ ತೆಗೆದುಬಿಟ್ಟರೆ ಮಲ್ಲಿಗೆ ಮಲ್ಲಿಗೆಯಾಗಿ ಉಳಿಯುವುದಿಲ್ಲ. ತೆಳುವಾಗಿ ಬಿಡುತ್ತದೆ. ದೇವರು ಈ ಹೂವಿನ ಸುಗಂಧದಲ್ಲಿ ಒಂದು ಹನಿ ಕಹಿಯನ್ನೂ ಸೇರಿಸಿಯೇ ಇಟ್ಟಿದ್ದಾರೆ.

ಈಗ ನಮ್ಮ ಮಾತೆ ಮರಿಯಮ್ಮನವರನ್ನು ನೋಡಿ. ಅವರ ಹುಟ್ಟಿನ ಬಗ್ಗೆ ಶುಭಸಂದೇಶಗಳಲ್ಲಿ ಏನೂ ಇಲ್ಲ. ಆದರೆ ಯಕೋಬರ ಹೆಸರಿನಲ್ಲಿರುವ ಎರಡನೆಯ ಶತಮಾನದ ಪುರಾತನ ಗ್ರಂಥವೊಂದರಲ್ಲಿ ಒಂದು ಕಥೆ ಬರುತ್ತದೆ. ಜೋಕಿಮ್ ಮತ್ತು ಅನ್ನಮ್ಮನವರಿಗೆ ಬಹುಕಾಲ ಮಕ್ಕಳಿರಲಿಲ್ಲ. ಜೋಕಿಮರು ಕಾಣಿಕೆ ತೆಗೆದುಕೊಂಡು ಹೋದಾಗ, ಮಕ್ಕಳಿಲ್ಲದ ನೀನು ಮುಂದೆ ಬಂದು ಅರ್ಪಿಸಬಾರದು ಎಂದು ಅವರನ್ನು ತಡೆದರಂತೆ. ಅಂದರೆ ಇಂದು ನಾವು ಹುಟ್ಟುಹಬ್ಬ ಆಚರಿಸುತ್ತಿರುವ ಈ ಕಂದ ಹುಟ್ಟಿದ್ದು, ಊರವರು "ಅಶುಭ" ಎಂದು ಹಿಂದೆ ತಳ್ಳಿದ ಮನೆಯಲ್ಲಿ ಎಂದು ನಮ್ಮ ಹಿರಿಯರು ನಂಬಿಕೊಂಡು ಬಂದರು.

ಮುಂದೆ ಅದೇ ಮರಿಯಮ್ಮನವರು ವಿಧವೆಯಾದರು. ಸಂತ ಜೋಸೆಫರ ಮರಣ ಯಾವಾಗ ಆಯಿತೆಂದು ಶುಭಸಂದೇಶಗಳು ಹೇಳುವುದಿಲ್ಲ. ಆದರೆ ಯೇಸು ಬೋಧನೆಗೆ ಹೊರಟ ಮೇಲೆ ಜೋಸೆಫರು ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಶಿಲುಬೆಯ ಮೇಲಿಂದ ಯೇಸು ತಮ್ಮ ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸುತ್ತಾರೆ. ಆದ್ದರಿಂದಲೇ ಅಷ್ಟರೊಳಗೆ ಮರಿಯಮ್ಮನವರು ಪತಿಯನ್ನು ಕಳೆದುಕೊಂಡಿದ್ದರು ಎಂದು ಧರ್ಮಸಭೆಯ ಪರಂಪರೆ ತಿಳಿಯುತ್ತದೆ. ಹಾಗಿದ್ದರೆ ಕಾನಾ ಊರಿನ ಮದುವೆಯ ಮನೆಯಲ್ಲಿ ನಿಂತಿದ್ದ ಮರಿಯಮ್ಮನವರು ಯಾರು? ಒಬ್ಬ ವಿಧವೆ. ದ್ರಾಕ್ಷಾರಸ ಮುಗಿದದ್ದನ್ನು ಮೊದಲು ಗಮನಿಸಿದ್ದು ಅವರೇ. ಮಗನಿಗೆ ಹೇಳಿದ್ದು ಅವರೇ. ಸೇವಕರಿಗೆ ದಾರಿ ತೋರಿಸಿದ್ದೂ ಅವರೇ. "ನಿಮ್ಮಂಥವರು ಶುಭಕಾರ್ಯದಲ್ಲಿ ಮುಂದೆ ಬರಬಾರದು, ಹಿಂದೆ ಕುಳಿತುಕೊಳ್ಳಿ" ಎಂದು ಆ ಮನೆಯವರು ಅವರಿಗೆ ಹೇಳಿದ್ದರೆ ಏನಾಗುತ್ತಿತ್ತು? ಆ ಮದುವೆಯ ಮಾನವನ್ನು ಉಳಿಸುವವರು ಇರುತ್ತಿರಲಿಲ್ಲ.

ಅವರ ಬಾಳಿನಲ್ಲಿ ಕಹಿಯ ಹನಿ ಕಡಿಮೆ ಇರಲಿಲ್ಲ. ಅಲಗೊಂದು ನಿನ್ನ ಹೃದಯವನ್ನು ಇರಿಯುವುದು ಎಂಬ ಅರ್ಥದ ಮಾತನ್ನು ಸಿಮೆಯೋನರು ಹೇಳಿದ್ದರು. ಪತಿ ಹೋದರು, ಏಕೈಕ ಮಗ ಶಿಲುಬೆಯ ಮೇಲೆ ಹೋದರು. ಬಳ್ಳಿಯಿಂದ ಕಿತ್ತ ಹೂವು ಅವರು. ಆದರೆ ಪವಿತ್ರಾತ್ಮರು ಇಳಿದು ಬರುವುದನ್ನು ಕಾದುಕೊಂಡು ಶಿಷ್ಯರು ಪ್ರಾರ್ಥಿಸುತ್ತಿದ್ದಾಗ ಅವರ ನಡುವೆ ಮರಿಯಮ್ಮನವರೂ ಇದ್ದರು. ಕಿತ್ತ ಮೇಲೂ ಪರಿಮಳ ನಿಲ್ಲಲಿಲ್ಲ.

3. ಪರಿಮಳ ಹಂಚಿಕೊಳ್ಳಲಿಕ್ಕಾಗಿ ಇರುವುದು

"ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು" ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಉತ್ತರ ಪ್ರದೇಶದ ಕನೌಜ್ ಊರು ಅತ್ತರಿಗೆ ಪ್ರಸಿದ್ಧ. ಅಲ್ಲಿ ಈಗಲೂ ತಾಮ್ರದ ಹಂಡೆಯಲ್ಲಿ ಹೂವು, ನೀರು ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಕೆಳಗೆ ಬೆಂಕಿ ಹಾಕುತ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಹಾದು ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಶ್ರೀಗಂಧದ ಎಣ್ಣೆ ಕಾದಿರುತ್ತದೆ. ಗಂಧದೆಣ್ಣೆ ದುಬಾರಿಯಾದ ಮೇಲೆ ಬೇರೆ ಎಣ್ಣೆಗಳನ್ನೂ ಬಳಸುತ್ತಾರೆ. ಇದಕ್ಕಿಂತಲೂ ಸರಳವಾದ ಹಳೆಯ ವಿಧಾನವೊಂದಿದೆ. ಎಳ್ಳನ್ನು ಹರಡಿ, ಅದರ ಮೇಲೆ ಮಲ್ಲಿಗೆ, ಮತ್ತೆ ಎಳ್ಳು, ಮತ್ತೆ ಮಲ್ಲಿಗೆ. ಹೀಗೆ ಹಲವು ಸಲ ಹೊಸ ಹೂವು ಇಟ್ಟ ಮೇಲೆ ಎಳ್ಳನ್ನು ಗಾಣಕ್ಕೆ ಹಾಕಿದರೆ ಪರಿಮಳದ ಎಣ್ಣೆ ಬರುತ್ತದೆ. ಎಳ್ಳಿಗೆ ತನ್ನದೆನ್ನುವ ಮಲ್ಲಿಗೆ ಪರಿಮಳವೇನೂ ಇಲ್ಲ. ಹೂವಿನ ಜೊತೆ ಮಲಗಿತ್ತು, ಅಷ್ಟೇ. ಹೂವೂ "ಇದು ಕಪ್ಪು ಎಳ್ಳು, ನಾನು ಕೊಡಲಾರೆ" ಎಂದು ಹೇಳಲಿಲ್ಲ.

ಹೂವಿಗೆ ಇಲ್ಲದ ಭೇದವನ್ನು ನಾವು ಮಾಡಿದ್ದೇವೆ. ಗಂಡ ಇರುವವಳಿಗೆ ಮಲ್ಲಿಗೆ, ಗಂಡ ಸತ್ತವಳಿಗೆ ಇಲ್ಲ. ಇದು ನಮ್ಮ ನಾಡಿನ ಹಳೆಯ ರೂಢಿ. ನಾವು ಕ್ರೈಸ್ತರು, ನಮ್ಮಲ್ಲಿ ಇದೆಲ್ಲ ಎಲ್ಲಿದೆ ಎಂದು ಕೇಳಬೇಡಿ. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರದಲ್ಲಿ, ಅರಿಶಿನ ಹಚ್ಚುವಾಗ, ಮದುಮಗಳಿಗೆ ಹೂ ಮುಡಿಸುವಾಗ ಯಾರ ಕೈ ಮುಂದೆ ಬರುತ್ತದೆ, ಯಾರ ಕೈ ಸೆರಗಿನೊಳಗೆ ಉಳಿಯುತ್ತದೆ ಎಂದು ಒಮ್ಮೆ ನೋಡಿ.

ನಾನು ಹಿಂದೆ ಸೇವೆ ಮಾಡಿದ ಒಂದು ಧರ್ಮಕೇಂದ್ರದಲ್ಲಿ ಸಂತೆಯಲ್ಲಿ ಹೂ ಮಾರುವ ಒಬ್ಬ ತಾಯಿ ಇದ್ದರು. ಪತಿ ತೀರಿಕೊಂಡ ಮೇಲೆ ಹೂ ಕಟ್ಟಿಯೇ ಮಕ್ಕಳನ್ನು ಓದಿಸಿದರು. ಹಿರಿಯ ಮಗಳ ಮದುವೆಗೆ ಬೇಕಾದ ಮಲ್ಲಿಗೆಯನ್ನೆಲ್ಲ ರಾತ್ರಿಯಿಡೀ ಕುಳಿತು ತಾವೇ ಕಟ್ಟಿದರು. ಆದರೆ ಮಗಳಿಗೆ ಅದನ್ನು ಮುಡಿಸಿದ್ದು ಚಿಕ್ಕಮ್ಮ. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಮದುವೆ ಮುಗಿದ ಮೇಲೆ ಮನೆ ಭೇಟಿಗೆ ಹೋದಾಗ ಅವರೇ ಇದನ್ನು ಹೇಳಿದರು. ಬೇಸರ ಮಾಡಿಕೊಂಡು ಹೇಳಿದ್ದಲ್ಲ, ನಗುತ್ತಾ ಹೇಳಿದರು: "ನಾನು ಕಟ್ಟಿದ ಹೂ ಆಗುತ್ತೆ ಫಾದರ್, ನಾನು ಆಗೋದಿಲ್ಲ."

ಪ್ರಿಯರೇ, ಈ ಮಾತು ಒಬ್ಬ ತಾಯಿಯದಲ್ಲ. ನಿಮ್ಮ ಬೆಂಚಿನಲ್ಲೇ, ನಿಮ್ಮ ಪಕ್ಕದಲ್ಲೇ ಇದನ್ನು ಬಾಯಿಬಿಟ್ಟು ಹೇಳದವರು ಕುಳಿತಿರಬಹುದು.

ನಾವು ಯಾವ ಆಧಾರದ ಮೇಲೆ ಹೀಗೆ ಮಾಡುತ್ತೇವೆ? ಬಾಲಯೇಸುವನ್ನು ದೇವಾಲಯಕ್ಕೆ ತಂದಾಗ ದೇವರ ಸ್ತುತಿ ಮಾಡಿ ಎಲ್ಲರಿಗೂ ಸುದ್ದಿ ಹೇಳಿದ ಪ್ರವಾದಿನಿ ಅನ್ನಾ ವಿಧವೆ. ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿ ಯೇಸುವಿನ ಮೆಚ್ಚುಗೆ ಪಡೆದವಳು ವಿಧವೆ. ನಾಯಿನ್ ಊರಿನ ಬಾಗಿಲಲ್ಲಿ ಯೇಸು ಚಟ್ಟವನ್ನು ಮುಟ್ಟಿ ನಿಲ್ಲಿಸಿದ್ದು ಒಬ್ಬ ವಿಧವೆಯ ಕಣ್ಣೀರು ನೋಡಿ. ನಮ್ಮ ಪಾಲಿಗೆ ವಿಧವೆ ಅಪಶಕುನವಾದರೆ, ಯೇಸುಸ್ವಾಮಿಯ ಪಾಲಿಗೆ ಆಕೆ ಯಾವಾಗಲೂ ಮುಂದಿನ ಸಾಲಿನವಳು.

ಇನ್ನೊಂದು ಪರಿಮಳವನ್ನು ನೆನಪಿಸುತ್ತೇನೆ. ಪವಿತ್ರ ವಾರದ ಸಮಯದಲ್ಲಿ ಮೇತ್ರಾಣಿಯವರು ಎಣ್ಣೆಗೆ ಸುಗಂಧ ದ್ರವ್ಯವನ್ನು ಬೆರೆಸಿ ಕ್ರಿಸ್ಮ ತೈಲವನ್ನು ಪವಿತ್ರಗೊಳಿಸುತ್ತಾರೆ. ದೀಕ್ಷಾಸ್ನಾನದಲ್ಲಿ ಅದೇ ತೈಲವನ್ನು ನಮ್ಮ ನೆತ್ತಿಗೆ, ದೃಢೀಕರಣದಲ್ಲಿ ನಮ್ಮ ಹಣೆಗೆ ಹಚ್ಚಲಾಗಿದೆ. ಗಂಡಿಗೆ ಒಂದು, ಹೆಣ್ಣಿಗೆ ಒಂದು ತೈಲವಿಲ್ಲ. ಮುತ್ತೈದೆಗೆ ಒಂದು, ವಿಧವೆಗೆ ಒಂದು ಎಂದಿಲ್ಲ. ಪತಿ ತೀರಿಕೊಂಡ ದಿನ ಯಾವ ಗುರುವೂ ಬಂದು ಹಣೆಯ ಆ ಅಭಿಷೇಕವನ್ನು ಒರೆಸಿ ಹಾಕುವುದಿಲ್ಲ. ದೇವರು ಒರೆಸದ ಪರಿಮಳವನ್ನು ಒರೆಸಲು ನಾವು ಯಾರು?

ಬೇರೆಯವರು ಈ ದಾರಿಯಲ್ಲಿ ಹೆಜ್ಜೆ ಇಟ್ಟಾಗಿದೆ. 2013ರಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಲಾಯಿತು. 2022ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ, ಗಂಡ ಸತ್ತಾಗ ಬಳೆ ಒಡೆಯುವುದು, ಕುಂಕುಮ ಅಳಿಸುವುದು ಮುಂತಾದ ರೂಢಿಗಳು ಬೇಡ ಎಂದು ಠರಾವು ಮಾಡಿತು. ಶುಭಸಂದೇಶ ಓದುವ ನಾವು ಅವರಿಗಿಂತ ಹಿಂದೆ ಉಳಿಯಬಾರದಲ್ಲವೇ?

ಆದ್ದರಿಂದ ಈ ಹಬ್ಬದ ದಿನ ಮೂರು ನಿರ್ಧಾರಗಳನ್ನು ಮಾಡೋಣ. ಒಂದು, ನಮ್ಮ ಧರ್ಮಕೇಂದ್ರದ ಮದುವೆಗಳಲ್ಲಿ, ಮನೆಯ ಶಾಸ್ತ್ರವಾಗಲಿ ದೇವಾಲಯದ ಆಶೀರ್ವಾದವಾಗಲಿ, ಹೆತ್ತ ತಾಯಿಯೇ ಮೊದಲು ಕೈ ಇಡಲಿ. ಪತಿ ಇದ್ದಾರೋ ಇಲ್ಲವೋ ಎಂದು ಯಾರೂ ಕೇಳುವುದು ಬೇಡ. ಎರಡು, ಹಬ್ಬಕ್ಕೆ ಹೂ ಕೊಳ್ಳುವಾಗ ಮಗನಾಗಲಿ ಸೊಸೆಯಾಗಲಿ ಮನೆಯ ಹಿರಿಯ ತಾಯಿಗೂ ಒಂದು ಮೊಳ ಮಲ್ಲಿಗೆ ತನ್ನಿ. ಮುಡಿಯುವುದು ಬಿಡುವುದು ಅವರಿಗೆ ಬಿಟ್ಟದ್ದು. ಅಗಲಿದ ಪತಿಯ ನೆನಪಿನಲ್ಲಿ ತಾವೇ ಮನಸ್ಸಾರೆ ಬೇಡ ಎನ್ನುವವರನ್ನು ಒತ್ತಾಯ ಮಾಡಬೇಡಿ. ಆದರೆ ಬೇಡ ಎನ್ನುವ ಹಕ್ಕು ಅವರದು, ನಮ್ಮದಲ್ಲ. ಮೂರು, ಈಗ ಬಲಿಪೂಜೆಯ ನಂತರ ಪುಷ್ಪಾರ್ಪಣೆ ನಡೆಯಲಿದೆ. ಮಕ್ಕಳ ಬೆನ್ನಿಗೇ, ಪತಿಯನ್ನು ಕಳೆದುಕೊಂಡ ತಾಯಂದಿರು, ಮಕ್ಕಳಿಲ್ಲದ ದಂಪತಿಗಳು ಮುಂದೆ ಬನ್ನಿ. ಪೀಠದ ಬಳಿ ಮಲ್ಲಿಗೆಯ ಬುಟ್ಟಿಗಳನ್ನು ಇಡಲಾಗಿದೆ. ನಾವು ಉಳಿದವರು ನಿಮ್ಮ ಹಿಂದೆ ಬರುತ್ತೇವೆ.

ಮಾತೆಯ ಸ್ವರೂಪಕ್ಕೆ ಮಲ್ಲಿಗೆಯ ದಂಡೆ ಹಾಕಿದ್ದೇವೆ. ನಾವು ಹೂ ಮುಡಿಸಿರುವುದು ಒಬ್ಬ ವಿಧವೆಗೆ ಎಂಬುದನ್ನು ಮರೆಯದಿರೋಣ. ಆ ತಾಯಿಗೆ ಸಲ್ಲುವ ಹೂವು ನಮ್ಮ ಮನೆಯ ತಾಯಿಗೂ ಸಲ್ಲಲಿ.

ಬೆಥಾನಿಯದ ಮನೆಯನ್ನು ಪರಿಮಳದಿಂದ ತುಂಬಿಸಿದ ಪ್ರಭುವೇ, ನಮ್ಮ ಮನೆಗಳನ್ನೂ ತುಂಬಿಸಿರಿ. ಕಿತ್ತ ಮೇಲೂ ಅರಳುವ ಹೂವುಗಳನ್ನು ಗುರುತಿಸುವ ಕಣ್ಣು ನಮಗೆ ಕೊಡಿರಿ. ಮಾತೆ ಮರಿಯಮ್ಮನವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.